ಬ್ರೇಕ್ ಒತ್ತಿದರೆ ನಡುಗುವ ಕಾರು

"ಇನ್ನು ಈ ಕಾರಿಗೆ ನಾನು ಹತ್ತುವುದಿಲ್ಲ" ಎಂದು ನನ್ನ ಗಂಡ ಹೇಳಿದ್ದು ವೇಣೂರು ಪೇಟೆ ಕಳೆದು ನಮ್ಮ ಮನೆಯ ಕಡೆ ತಿರುಗುವ ಜಾಗದಲ್ಲಿ. ಕೂಗಿ ಹೇಳಲಿಲ್ಲ. ಅವರು ಕೂಗುವ ಮನುಷ್ಯರೇ ಅಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ಮೊದಲಿನಿಂದಲೂ ನನ್ನದು. ಎರಡೂ ಕೈಗಳಿಂದ ಸೀಟಿನ ಅಂಚನ್ನು ಹಿಡಿದುಕೊಂಡು, ಹಣೆಯ ಬೆವರು ಒರೆಸಿಕೊಳ್ಳಲೂ ಕೈ ಬಿಡದೆ, ರಸ್ತೆಯನ್ನೇ ನೋಡುತ್ತ ಹೇಳಿದರು. ನಾನು ಮನೆಗೆ ತಲುಪಿ, ಅವರನ್ನು ವಾಕರ್ ಹಿಡಿಸಿ ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ಅಂಗಳಕ್ಕೆ ಬಂದು ಕಾರಿನ ಬಾನೆಟ್ಟಿಗೆ ಒಂದು ಏಟು ಬಿಗಿದೆ. ಬಿಸಿಲಿಗೆ ಕಾದ ತಗಡು, ಅಂಗೈ ಸುಟ್ಟಿತು.

ಅದಕ್ಕೆ ಆರು ವಾರ ಮೊದಲು ಅವರು ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬೆನ್ನೆಲುಬಿಗೆ ಆಪರೇಷನ್ ಆಗಿತ್ತು. ಎಲುಬು ಸರಿಯಾಯಿತು, ಎಡಗಾಲು ಸರಿಯಾಗಲಿಲ್ಲ. ಪಾದ ಜೋತುಬಿದ್ದಿತ್ತು. ನಡೆಯಲು ಹೊರಟರೆ ಬೆರಳು ನೆಲಕ್ಕೆ ಎಳೆಯುತ್ತಿತ್ತು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಮೂರು ತಿಂಗಳು ಟೀಚರ್. ಅಷ್ಟರೊಳಗೆ ಈ ಕಾಲಿಗೆ ಕೆಲಸ ಕಲಿಸಿದರೆ ಕಲಿಯುತ್ತದೆ. ಆಮೇಲೆ ಕಷ್ಟ ಉಂಟು" ಎಂದಿದ್ದರು. ಕಲಿಸುವವಳು ಮೂಡುಬಿದಿರೆಯಲ್ಲಿದ್ದಳು. ಕನ್ಯಾನದ ಕಡೆಯ ಹುಡುಗಿ, ಫಿಸಿಯೋಥೆರಪಿ ಓದಿದವಳು, ಕೈಯಲ್ಲಿ ಒಳ್ಳೆಯ ಗುಣ. ಕಾಲಿಗೆ ಸಣ್ಣಗೆ ಕರೆಂಟು ಕೊಡುವ ಯಂತ್ರವೂ ಅವಳ ಹತ್ತಿರ ಇತ್ತು. ವಾರಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲೇಬೇಕಿತ್ತು.

ಹೋಗಲು ನಮ್ಮ ಕಾರೇ ಆಗಬೇಕಿತ್ತು. ಆಚಾರಿಯನ್ನು ಕರೆಸಿ ಎದುರಿನ ಎಡ ಸೀಟಿಗೆ ಅವರ ಬೆನ್ನಿನ ಅಳತೆಗೆ ಹಲಗೆ ಹೊಂದಿಸಿ, ಮೇಲೆ ತೆಂಗಿನ ನಾರಿನ ಮೆತ್ತೆ ಹಾಕಿಸಿದ್ದೆ. ಬಾಡಿಗೆ ಕಾರಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿದ್ದಾಗ ಹಂಪು ಹಾರಿದ ಒಂದು ಹೊಡೆತಕ್ಕೆ ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ಆ ಡ್ರೈವರನ ಕಿವಿ ಹಿಂಡುವುದೊಂದು ಬಾಕಿ.

ಇಷ್ಟೆಲ್ಲ ಜಾಗ್ರತೆ ಮಾಡಿದವಳು ಮಳೆಗಾಲಕ್ಕೆ ಮೊದಲು ಕಾರನ್ನೂ ಸರಿಮಾಡಿಸಿಬಿಡುವ ಎಂದು ಹೊರಟೆ. ಟಯರು ಸವೆದಿದ್ದವು, ಬಂಟ್ವಾಳ ಪೇಟೆಯ ಅಂಗಡಿಯಲ್ಲಿ ನಾಲ್ಕೂ ಹೊಸತು ಹಾಕಿಸಿದೆ. ಬ್ರೇಕಿನ ಕೆಲಸಕ್ಕೆ ಬೆಳ್ತಂಗಡಿಗೆ ಹೋದೆ. ಅಲ್ಲಿನ ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಆರನೇ ಕ್ಲಾಸಿನಲ್ಲಿ ನನ್ನ ಎದುರು ಕೂತವನಿಗೆ ಈಗ ನಲವತ್ತೈದು ವರ್ಷ, ಮೀಸೆ ಅರ್ಧ ಬೆಳ್ಳಗಾಗಿದೆ. ನಾನು ಹೋದರೆ ಈಗಲೂ ಕೈ ಒರೆಸಿಕೊಂಡು ನೆಟ್ಟಗೆ ನಿಲ್ಲುತ್ತಾನೆ. ಏನೇನು ಮಾಡಬೇಕೆಂದು ಒಂದು ಕಾಗದದಲ್ಲಿ ಬರೆದು ಕೊಟ್ಟೆ. ಅವನು ಅದನ್ನು ಗೋಡೆಗೆ ಅಂಟಿಸಿ, ಒಂದೊಂದಾಗಿ ಗುರುತು ಹಾಕುತ್ತ ಮಾಡಿದ. ಬ್ರೇಕಿನ ಡಿಸ್ಕುಗಳನ್ನು ಬಿಚ್ಚಿ ಮೇಲ್ಮೈ ಸವರಿಸಿ ಸಮಮಾಡಿಸಿ, ಹೊಸ ಪ್ಯಾಡು ಹಾಕಿ ಕೂಡಿಸಿದ.

ಮರುದಿನ ಗಂಡನನ್ನು ಕೂರಿಸಿಕೊಂಡು ಹೊರಟೆ. ಸಣ್ಣ ಕಲ್ಲಿನ ಮೇಲೆ ಹೋದರೂ ಕಾರು ಕುಣಿಯಿತು. ವೇಗ ಅರವತ್ತು ದಾಟಿದಾಗ ಸ್ಟಿಯರಿಂಗ್ ಕೈಯಲ್ಲಿ ನಡುಗಿತು. ಬ್ರೇಕ್ ಒತ್ತಿದೆ ನೋಡಿ, ಇಡೀ ಕಾರಿಗೆ ಚಳಿಜ್ವರ ಬಂದ ಹಾಗಾಯಿತು. ಅವರು "ಅಮ್ಮಾ" ಎಂದರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಬರುವಾಗ ಆ ಮಾತು ಹೇಳಿದರು, ಹತ್ತುವುದಿಲ್ಲ ಎಂದು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು ಎಂದು ಊರಿಗೆಲ್ಲ ಗೊತ್ತು. ಆದರೆ ಆ ದಿನ ಕೋಪಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮೂರು ತಿಂಗಳಲ್ಲಿ ಅರ್ಧ ಮುಗಿದಿತ್ತು. ಕಾರು ನಡುಗುವಷ್ಟು ದಿನ ಅವರು ಬರುವುದಿಲ್ಲ, ಬಾರದಿದ್ದರೆ ಕಾಲು ಕಲಿಯುವುದಿಲ್ಲ. ಇದನ್ನು ಕಂಡುಹಿಡಿಯದೆ ಬಿಡುವವಳಲ್ಲ ಎಂದುಕೊಂಡು, ಶಾಲೆಯ ಕಾಲದಿಂದ ಉಳಿದಿದ್ದ ಒಂದು ಹಾಜರಿ ಪುಸ್ತಕ ತೆಗೆದು ಮೊದಲ ಪುಟದಲ್ಲಿ ಬರೆದೆ: ಯಾವಾಗ, ಎಲ್ಲಿ, ಎಷ್ಟು ವೇಗಕ್ಕೆ.

ಬೆಳಿಗ್ಗೆ ಅವರಿಗೆ ಗಂಜಿ ಕೊಟ್ಟು, ಪಕ್ಕದ ಮನೆಯಾಕೆಯನ್ನು ಕೂರಿಸಿ, ಒಬ್ಬಳೇ ಕಾರು ತೆಗೆದುಕೊಂಡು ಹೋಗುತ್ತಿದ್ದೆ. ಹೊಂಡ ಯಾವುದು, ಕಾರಿನ ರೋಗ ಯಾವುದು ಎಂದು ತಿಳಿಯಬೇಕಾದರೆ ನುಣುಪಾದ ರಸ್ತೆ ಬೇಕು. ಅಗಲ ಮಾಡಲೆಂದು ಅಗೆದು ಹಾಕಿದ ನಮ್ಮ ರಸ್ತೆಗಳಲ್ಲಿ ಅದನ್ನು ಹುಡುಕುವುದೇ ದೊಡ್ಡ ಕೆಲಸ! ಕೊನೆಗೆ ಮೂಡುಬಿದಿರೆಗೆ ಸ್ವಲ್ಪ ಮೊದಲು ಹೊಸತಾಗಿ ಕಾಂಕ್ರೀಟ್ ಹಾಕಿದ ಒಂದು ತುಂಡು ಸಿಕ್ಕಿತು. ಅಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, "ಎಂತ ಅಕ್ಕ, ಡ್ರೈವಿಂಗ್ ಕಲಿಯುವುದಾ?" ಎಂದು ಕೇಳಿದಳು. "ಹೌದು, ಎರಡನೇ ಸಲ" ಎಂದೆ.

ಮೊದಲು ಸಿಕ್ಕಿಬಿದ್ದದ್ದು ಗಾಳಿ. ಪೆಟ್ರೋಲ್ ಬಂಕಿನಲ್ಲಿ ಅಳೆಸಿದರೆ, ಮೂವತ್ತೆರಡು ಇರಬೇಕಾದಲ್ಲಿ ನಲವತ್ತನಾಲ್ಕು. ಟಯರು ಕೂರಿಸುವಾಗ ತುಂಬಿದ ಗಾಳಿಯನ್ನು ಇಳಿಸದೆ ಹಾಗೆಯೇ ಕಳುಹಿಸಿದ್ದರು. ಮೈಯೆಲ್ಲ ಉರಿದುಹೋಯಿತು. ಗಾಳಿ ಇಳಿಸಿದ ಮೇಲೆ ಕುಣಿತ ನಿಂತಿತು, ನಡುಕ ನಿಲ್ಲಲಿಲ್ಲ. ಬಂಟ್ವಾಳಕ್ಕೆ ಹೋಗಿ ಅಂಗಡಿಯವರಿಗೆ ಚೆನ್ನಾಗಿ ಕೊಟ್ಟೆ. ಅವರು ಗಾಳಿಯ ತಪ್ಪು ಒಪ್ಪಿಕೊಂಡರು, ಚಕ್ರಗಳನ್ನು ಬಿಚ್ಚಿ ಯಂತ್ರದಲ್ಲಿ ತಿರುಗಿಸಿ ಮತ್ತೊಮ್ಮೆ ಬ್ಯಾಲೆನ್ಸ್ ನೋಡಿದರು. ನಾಲ್ಕೂ ಸರಿಯಾಗಿದ್ದವು.

"ಸರಿ ಉಂಟು ಅಮ್ಮ, ನೀವೇ ನೋಡಿ, ಸೊನ್ನೆ ತೋರಿಸ್ತದೆ."

"ಯಂತ್ರದ ಮೇಲೆ ಸರಿ ಇದ್ದರೆ ನನಗೆಂತ ಪ್ರಯೋಜನ? ನಾನು ಯಂತ್ರದ ಮೇಲೆ ಕೂತು ಹೋಗುವುದಾ?"

ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ಬಂಟ್ವಾಳ ಪೇಟೆ ದಾಟುವಾಗ ಅದೇ ಮಾತು ತಲೆಯಲ್ಲಿ ತಿರುಗತೊಡಗಿತು. ಚಕ್ರ ಯಂತ್ರದ ಮೇಲೆ ಸರಿ, ಕಾರಿಗೆ ಹಾಕಿದರೆ ತಪ್ಪು. ಹಾಗಾದರೆ ತಪ್ಪು ಚಕ್ರದ್ದೋ, ಚಕ್ರ ಕೂರುವ ಜಾಗದ್ದೋ? ಮರುದಿನ ವೇಣೂರಿನ ಪಂಕ್ಚರ್ ಅಂಗಡಿಯಲ್ಲಿ ಎದುರಿನ ಚಕ್ರ ಹಿಂದಕ್ಕೂ ಹಿಂದಿನದ್ದು ಎದುರಿಗೂ ಹಾಕಿಸಿದೆ. ನಡುಕ ಚಕ್ರದ್ದಾಗಿದ್ದರೆ ಅದೂ ಹಿಂದಕ್ಕೆ ಹೋಗಬೇಕಿತ್ತು, ಸ್ಟಿಯರಿಂಗ್ ಬಿಟ್ಟು ಸೀಟಿಗೆ ಬರಬೇಕಿತ್ತು. ಬರಲಿಲ್ಲ. ಎದುರಲ್ಲೇ, ಸ್ಟಿಯರಿಂಗಿನಲ್ಲೇ ಉಳಿಯಿತು. ಪುಸ್ತಕದಲ್ಲಿ "ಟಯರು ನಿರಪರಾಧಿ" ಎಂದು ಬರೆದು ಅಡಿಗೆರೆ ಹಾಕಿದೆ.

ಅಂದರೆ ಅಪರಾಧಿ ಬೆಳ್ತಂಗಡಿಯಲ್ಲಿದ್ದಾನೆ! ಅದೇ ದಿನ ಹೋದೆ. ನನ್ನ ಶಿಷ್ಯ ಒಂದು ಜೀಪಿನ ಅಡಿಯಿಂದ ಹೊರಗೆ ಬಂದು, ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತ.

"ನಡುಗ್ತದೆ" ಎಂದೆ.

"ಬ್ರೇಕ್ ಹಾಕುವಾಗವಾ ಟೀಚರ್?"

"ಆಗಲೂ ನಡುಗ್ತದೆ, ಹಾಕದಿದ್ದರೂ ನಡುಗ್ತದೆ. ಎಂತ ಮಾಡಿದ್ದೀ ನೀನು?"

ಅವನು ಎದುರಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ಅಲ್ಲೇ ನೋಡಿದ. ಆಮೇಲೆ ನನ್ನ ಮುಖ ನೋಡದೆ, "ಟೀಚರ್, ಒಮ್ಮೆ ಡಿಸ್ಕ್ ಬಿಚ್ಚಿ ನೋಡುವ" ಎಂದ.

"ಎಂತಕ್ಕೆ? ಬಿಚ್ಚಿದ್ದು ನೀನೇ ಅಲ್ವಾ? ಆಗ ನೋಡಲಿಕ್ಕೆ ಕಣ್ಣಿರಲಿಲ್ಲವಾ?"

"ಹಾಗಲ್ಲ ಟೀಚರ್..."

"ಹಾಗಲ್ಲದಿದ್ದರೆ ಹೇಗೆ? ಬಾಯಿ ಬಿಟ್ಟು ಹೇಳು!"

ಅವನು ಹೇಳಲಿಲ್ಲ. ಗ್ಯಾರೇಜಿನ ಎದುರು ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ನೋಡುತ್ತಿದ್ದರು. ಅವರ ಎದುರಿನಲ್ಲೇ, "ಇನ್ನು ನಿನ್ನ ಕೈ ನನ್ನ ಕಾರಿಗೆ ತಾಗುವುದು ಬೇಡ" ಎಂದು ಹೇಳಿ ಹೊರಟೆ. ದಾರಿಯಲ್ಲಿ ಹಣ್ಣಿನ ಅಂಗಡಿಯಲ್ಲಿ ಕೇಳಿದವರಿಗೂ, ವೇಣೂರಿನ ಪಂಕ್ಚರ್ ಅಂಗಡಿಯವನಿಗೂ ಹೇಳಿದೆ, ಅವನ ಗ್ಯಾರೇಜಿಗೆ ಹೋಗಬೇಡಿ ಎಂದು. ಹೇಳುವಾಗ ಸಮಾಧಾನವೇ ಆಗುತ್ತಿತ್ತು. ಮನೆಯಲ್ಲಿ ಗಂಡ ಗೋಡೆ ನೋಡುತ್ತ ಮಲಗಿದ್ದರು. ಮೊಳಕಾಲ ಕೆಳಗೆ ಎಡಗಾಲು ತೆಳ್ಳಗಾಗುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ದಿನಕ್ಕೆ ಮೂರು ಸಲ ಪಾದವನ್ನು ನಾನೇ ಎತ್ತಿ ಇಳಿಸುತ್ತಿದ್ದೆ. "ಇವತ್ತು ಎಂತಾಯ್ತು?" ಎಂದು ಅವರು ಕೇಳುತ್ತಿದ್ದರು. "ಸಿಗ್ತದೆ" ಎನ್ನುತ್ತಿದ್ದೆ.

ಮತ್ತೆ ಒಂದು ವಾರ ಸುಮ್ಮನೆ ಹೋಯಿತು. ಒಬ್ಬರು ಅಲೈನ್‌ಮೆಂಟ್ ಎಂದರು, ಮಾಡಿಸಿದೆ. ಇನ್ನೊಬ್ಬರು ಎಂಜಿನ್ ಕೂರುವ ರಬ್ಬರು ಎಂದರು. ಅದಾದರೆ ಕಾರು ನಿಂತಿದ್ದಾಗಲೂ ನಡುಗಬೇಕಲ್ಲ ಎಂದು ನಾನೇ ವಾದ ಮಾಡಿ ಬಂದೆ. ಉಜಿರೆಯಲ್ಲಿ ಒಬ್ಬ ಮಹಾನುಭಾವ ಕಾರನ್ನು ನೋಡಲೇ ಇಲ್ಲ, ನನ್ನನ್ನು ನೋಡಿ, "ಈ ಪ್ರಾಯದಲ್ಲಿ ಕೈ ಸ್ವಲ್ಪ ನಡುಗ್ತದೆ ಅಮ್ಮ" ಎಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ಫಿಸಿಯೋಥೆರಪಿಯ ಹುಡುಗಿಯೇ ಫೋನ್ ಮಾಡಿದಳು. "ಸಾರ್ ಬರದೆ ತುಂಬ ದಿನ ಆಯ್ತು ಟೀಚರ್. ಹೀಗಾದರೆ ಕಷ್ಟ." ಕಾರಿನ ಕಥೆ ಹೇಳಿದೆ. ಮೂಡುಬಿದಿರೆಯಲ್ಲಿ ಒಬ್ಬರು ಹಿರಿಯರ, ಕಬ್ಬಿಣ ಕಡೆಯುವ ಲೇತ್ ಉಂಟು, ಬಸ್ಸಿನವರೆಲ್ಲ ಅವರ ಹತ್ತಿರ ಹೋಗುತ್ತಾರೆ, ಒಮ್ಮೆ ತೋರಿಸಿ ಎಂದಳು.

ಲೇತಿನ ಯಜಮಾನರು ಎಪ್ಪತ್ತು ದಾಟಿದ ಜೈನರು, ಬಿಳಿ ಪಂಚೆಯ ಮೇಲೆ ಎಣ್ಣೆಯ ಒಂದು ಕಲೆಯೂ ಇಲ್ಲ. ನಾನು ಹೋದಾಗ ಸಂಜೆ ಐದೂವರೆ. ಅವರು ಬಾಗಿಲು ಹಾಕುತ್ತಿದ್ದರು. "ಕತ್ತಲಾಗುವ ಮೊದಲು ಊಟ ಆಗಬೇಕು ನನಗೆ. ಬೆಳಿಗ್ಗೆ ಬನ್ನಿ" ಎಂದರು. ನನಗೆ ಒಂದು ರಾತ್ರಿಯೂ ಭಾರವಾಗಿತ್ತು, ಆದರೆ ವಾದ ಮಾಡಲಿಲ್ಲ. ಮರುದಿನ ಎಂಟು ಗಂಟೆಗೆ ಅವರಿಗಿಂತ ಮೊದಲೇ ಅಲ್ಲಿದ್ದೆ.

ನನ್ನ ಪುಸ್ತಕವನ್ನು ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಷ್ಟು ದಿನಗಳಲ್ಲಿ ಅದನ್ನು ಓದಿದ ಮೊದಲ ಮನುಷ್ಯ. "ಚೆನ್ನಾಗಿ ಬರೆದಿದ್ದೀರಿ" ಎಂದರು. ಎದುರಿನ ಚಕ್ರ ಬಿಚ್ಚಿಸಿ, ಡಿಸ್ಕಿನ ಅಂಚಿಗೆ ಗಡಿಯಾರದಂಥ ಒಂದು ಮಾಪಕದ ಮೂತಿ ತಾಗಿಸಿ, ಕೈಯಿಂದ ಡಿಸ್ಕನ್ನು ಮೆಲ್ಲಗೆ ತಿರುಗಿಸಿದರು. ಮುಳ್ಳು ಆ ಕಡೆ ಈ ಕಡೆ ಹಾರಿತು. ನನ್ನ ಎದೆಯೂ ಹಾರಿತು. ಸಿಕ್ಕಿತು! ಹದಿನೇಳು ದಿನ ಹುಡುಕಿದ್ದು ಕಣ್ಣೆದುರೇ ಕುಣಿಯುತ್ತಿತ್ತು.

"ಡಿಸ್ಕ್ ಸವರಿದ್ದು ಸೊಟ್ಟ, ಅಲ್ವಾ? ನನಗೆ ಗೊತ್ತಿತ್ತು" ಎಂದೆ.

ಅವರು ಡಿಸ್ಕನ್ನು ತೆಗೆದು ಲೇತಿಗೆ ಕಟ್ಟಿ ತಿರುಗಿಸಿದರು. ಮುಳ್ಳು ಅಲುಗಲಿಲ್ಲ. "ಸವರಿದವನ ಕೆಲಸ ಒಳ್ಳೆದುಂಟು. ಡಿಸ್ಕಿನದ್ದು ತಪ್ಪಲ್ಲ, ಅದು ಕೂತ ಜಾಗ ಸರಿ ಇಲ್ಲ" ಎಂದರು. ಕಾರಿನ ಹತ್ತಿರ ಬಂದು, ಡಿಸ್ಕು ಕೂರುವ ಗುಂಡಗಿನ ಉಕ್ಕಿನ ಮುಖವನ್ನು ಬೆರಳಿನಿಂದ ಸವರಿದರು. ಅಲ್ಲಿ ಕಪ್ಪಗೆ ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಉಗುರು ಹಾಕಿದರು, ಏಳಲಿಲ್ಲ. ಚಾಣದಿಂದ ಒಂದು ಚಕ್ಕೆ ಎಬ್ಬಿಸಿ ಮೂಗಿಗೆ ಹಿಡಿದರು.

"ಗೇರೆಣ್ಣೆ! ಯಾವ ಪುಣ್ಯಾತ್ಮ ಇಲ್ಲಿಗೆ ಗೇರೆಣ್ಣೆ ಹಚ್ಚಿದ್ದು ಮಾರಾಯ್ರೆ?"

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ಮಳೆಗಾಲಕ್ಕೆ ಮೊದಲು ನಮ್ಮ ಕಡೆಯವರು ಕಂಡಕಂಡಲ್ಲಿ ಹಚ್ಚುತ್ತೇವೆ. ಬಾಗಿಲ ದಾರಂದ, ಗೇಟು, ಏಣಿ, ಹಾರೆಯ ಹಿಡಿ ಯಾವುದನ್ನೂ ಬಿಡುವುದಿಲ್ಲ. ಗೆದ್ದಲು ಬರುವುದಿಲ್ಲ, ತುಕ್ಕು ಬರುವುದಿಲ್ಲ. ಒಣಗಿದರೆ ಕಲ್ಲು. ಬೆಳ್ತಂಗಡಿಯ ಗೋಡೆಗೆ ಅಂಟಿಸಿದ ನನ್ನ ಕಾಗದದ ಕೊನೆಯ ಸಾಲು ಅದೇ ಆಗಿತ್ತು: ಡಿಸ್ಕ್ ಬಿಚ್ಚಿದಾಗ ಒಳಗೆ ಎಲ್ಲ ಕಡೆ ಗೇರೆಣ್ಣೆ ಹಚ್ಚುವುದು. ಬಾಟಲಿಯನ್ನೂ ನಾನೇ ಕೊಟ್ಟು ಬಂದಿದ್ದೆ. ಅವನು ಬಾಟಲಿ ಕೈಯಲ್ಲಿ ಹಿಡಿದು, "ಇಲ್ಲಿಗಾ ಟೀಚರ್?" ಎಂದು ಕೇಳಿದ್ದ. "ಬರೆದದ್ದು ಓದಲಿಕ್ಕೆ ಬರುವುದಿಲ್ಲವಾ?" ಎಂದಿದ್ದೆ.

"ನಾನೇ" ಎಂದೆ ಯಜಮಾನರಿಗೆ. "ಹಚ್ಚಿಸಿದ್ದು ನಾನೇ."

ಅವರು ನಗಲಿಲ್ಲ. "ಆಯ್ತು, ತೆಗೆಯುವ" ಎಂದರು. ಎರಡೂ ಕಡೆಯದ್ದನ್ನು ಕೆರೆದು, ಎಮರಿ ಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಉಕ್ಕು ಬೆಳ್ಳಗೆ ಕಾಣುವವರೆಗೆ ಬಿಡಲಿಲ್ಲ. ಮತ್ತೆ ಡಿಸ್ಕು ಕೂರಿಸಿ ತಿರುಗಿಸಿದಾಗ ಮುಳ್ಳು ಅಲುಗದೆ ನಿಂತಿತು.

ಕಾಂಕ್ರೀಟ್ ತುಂಡಿಗೆ ಹೋದೆ. ಅರವತ್ತು, ಎಪ್ಪತ್ತು, ಎಂಬತ್ತು. ಸ್ಟಿಯರಿಂಗಿನ ಮೇಲೆ ಬರಿಯ ಎರಡು ಬೆರಳಿಟ್ಟು ಬ್ರೇಕ್ ಒತ್ತಿದೆ. ಏನೂ ಇಲ್ಲ. ರಸ್ತೆಯ ಬದಿಗೆ ನಿಲ್ಲಿಸಿ ಅತ್ತೆ. ಸಂತೋಷಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಚಿಕೆಗೆ ಅತ್ತೆ. ಅವರ ಕಾಲಿನ ಹದಿನೇಳು ದಿನವನ್ನು ತಿಂದದ್ದು ಟಯರಲ್ಲ, ಬ್ರೇಕಲ್ಲ, ನಾನು.

ಮನೆಗೆ ಹೋಗುವ ತಿರುವಿನಲ್ಲಿ ತಿರುಗದೆ ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ನೇರ ಹೋದೆ. ನನ್ನನ್ನು ಕಂಡದ್ದೇ ಅವನು ಕೈ ಒರೆಸಿಕೊಂಡು ನಿಂತ.

"ಗೇರೆಣ್ಣೆಯಿಂದ ಅಂತ ನಿನಗೆ ಗೊತ್ತಿತ್ತಾ?"

"ಹಚ್ಚುವಾಗ ಸಂಶಯ ಇತ್ತು ಟೀಚರ್. ನಡುಗ್ತದೆ ಅಂತ ನೀವು ಬಂದ ದಿನ ಗೊತ್ತಾಯ್ತು. ಅದಕ್ಕೇ ಬಿಚ್ಚಿ ನೋಡುವ ಅಂದದ್ದು."

"ಮತ್ತೆ ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ? ಅಷ್ಟು ಜನರ ಎದುರು ನಿನ್ನ ಮರ್ಯಾದೆ ತೆಗೆದೆನಲ್ಲ, ಆಗಲಾದರೂ ಹೇಳಬಾರದಿತ್ತಾ?"

"ನೀವು ಹೇಳಿದ್ದು ತಪ್ಪು ಅಂತ ನಮ್ಮ ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದುಂಟಾ ಟೀಚರ್?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುತ್ತ ಕೇಳಿದ. ನಾನೂ ನೆನಪು ಮಾಡಿಕೊಂಡೆ. ಮೂವತ್ತೊಂದು ವರ್ಷ ಕಲಿಸಿದ್ದೇನೆ. ಹಾಗೆ ಹೇಳಿದ ಒಂದು ಮಗುವಿನ ಮುಖವೂ ನೆನಪಿಗೆ ಬರಲಿಲ್ಲ. ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೆ ಕೇಳುತ್ತದೆ ಎಂದು ಬೇರೆ ಟೀಚರುಗಳು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. "ತಪ್ಪು ನನ್ನದು. ಕ್ಷಮಿಸು" ಎಂದೆ. ಅವನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಎಂತ ಟೀಚರ್ ನೀವು, ಬಿಡಿ" ಎಂದ. ಚಹಾ ಕುಡಿಯುವವರಿಗೆ ಕೇಳುವ ಹಾಗೆ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಬರುವಾಗ ಹಣ್ಣಿನ ಅಂಗಡಿಯಲ್ಲೂ ಪಂಕ್ಚರ್ ಅಂಗಡಿಯಲ್ಲೂ ನಿಲ್ಲಿಸಿ ಹೇಳಿದೆ.

ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವರು, "ಗೇರೆಣ್ಣೆಯಾ?" ಎಂದು ಕೇಳಿ ನಕ್ಕರು. ನಕ್ಕದ್ದಕ್ಕೆ ಬೆನ್ನು ನೋವಾಯಿತು, ಆದರೂ ನಕ್ಕರು. ಮರುದಿನ ಕಾರಿಗೆ ಹತ್ತುವಾಗ ಮಾತ್ರ ಸೀಟಿನ ಅಂಚು ಹಿಡಿದುಕೊಂಡರು. ಕಾಂಕ್ರೀಟ್ ತುಂಡಿನಲ್ಲಿ ಹೇಳದೆಯೇ ಬ್ರೇಕ್ ಒತ್ತಿದೆ. ಅವರು ನನ್ನ ಕಡೆ ತಿರುಗಿ, ಹಿಡಿದ ಕೈಯನ್ನು ಬಿಟ್ಟರು.

ಆದರೆ ಕಾಲು ಅಷ್ಟು ಸುಲಭದಲ್ಲಿ ಕ್ಷಮಿಸಲಿಲ್ಲ. ಹುಡುಗಿ ಪಾದ ಹಿಡಿದು, "ಎತ್ತಿ ಸಾರ್" ಎಂದಳು. ಏನೂ ಆಗಲಿಲ್ಲ. "ಮೊದಲು ಒಂದು ಚೂರು ಬರ್ತಿತ್ತು. ಈಗ ಅದೂ ಇಲ್ಲ" ಎಂದಳು. ಒಂದು ತಿಂಗಳು ಉಳಿದಿತ್ತು. "ವಾರಕ್ಕೆ ನಾಲ್ಕು ಬೇಡ, ಭಾನುವಾರ ಬಿಟ್ಟು ದಿನಾ ತರ್ತೇನೆ. ನೀನು ಕಲಿಸು" ಎಂದೆ. ಮಳೆ ಹಿಡಿಯಿತು. ಮಳೆಯಲ್ಲೂ ಹೋದೆವು. ಒಂದು ದಿನ ಮರ ಬಿದ್ದು ರಸ್ತೆ ಕಟ್ಟಿದಾಗ ಕೊಡೆ ಹಿಡಿದು ನಿಂತು, ಕಡಿಯುವವರಿಗೆ ಕಿರಿಕಿರಿ ಮಾಡಿ, ಮೊದಲು ದಾಟಿದ್ದು ನಮ್ಮ ಕಾರೇ. ಪ್ರತಿದಿನ ನಾನು ಮಂಚದ ಕಾಲಬಳಿ ನಿಂತು, "ಇನ್ನೊಮ್ಮೆ, ಇನ್ನೊಮ್ಮೆ" ಎನ್ನುತ್ತಿದ್ದೆ. ಅವರು ಹಲ್ಲು ಕಚ್ಚಿ ಪ್ರಯತ್ನಿಸುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ.

ಹನ್ನೊಂದನೆಯ ದಿನ ಪಾದ ಎದ್ದಿತು. ಒಂದು ಬೆರಳಿನಷ್ಟು ಎದ್ದು, ನಡುಗಿ, ಬಿತ್ತು. ಹುಡುಗಿ ಚಪ್ಪಾಳೆ ತಟ್ಟಿದಳು. ನನ್ನ ಬಾಯಿಯಿಂದ ಬಂದದ್ದು ಮಾತ್ರ ಅದೇ: "ಇನ್ನೊಮ್ಮೆ ಎತ್ತಿ."

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಇಲ್ಲ. ಇವತ್ತಿಗೆ ಇಷ್ಟೇ. ನೋವಾಗ್ತದೆ ನನಗೆ" ಎಂದರು.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ನನಗೆ ಇಲ್ಲ ಎಂದು ಹೇಳಿದ್ದು ಅದು ಎರಡನೆಯ ಸಲ. ಮೊದಲನೆಯದು ಕಾರಿಗೆ ಹತ್ತುವುದಿಲ್ಲ ಎಂದದ್ದು. ಹುಡುಗಿ ನನ್ನ ಮುಖ ನೋಡಿದಳು, ನಾನು ಏನನ್ನುತ್ತೇನೋ ಎಂದು. ನಾನು ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆತ್ತೆಯ ಮೇಲಿಟ್ಟು, "ಆಯ್ತು" ಎಂದೆ.